ಒರೆಸೋ ಬಟ್ಟೆಗೆ ಪಕ್ಷ ಇಲ್ಲ

ಪತ್ರ: ಬಿಎಸ್ಸಿ ಮುಗಿಸಿದ ಮಗಳು, ಅಣ್ವಸ್ತ್ರ ಹರಡದಂತೆ ತಡೆಯುವ ವಿಷಯದಲ್ಲಿ ಎಂಎಸ್ಸಿ ಮಾಡ್ತೀನಿ, ಫೆಲೋಶಿಪ್ ಸಿಗುತ್ತೆ ಅಂತಾಳೆ. ಬಾಂಬ್ ಇಟ್ಟುಕೊಂಡ ದೊಡ್ಡಣ್ಣಂದಿರೇ ಊರಿಗೆಲ್ಲ ಬುದ್ಧಿ ಹೇಳೋ ನಾಟಕದಲ್ಲಿ ನಮ್ಮ ಹುಡುಗಿಗೇನು ಕೆಲಸ? ನೌಕರಿಯಾದರೂ ಸಿಗುತ್ತಾ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ನಾಟಕ ಅನ್ನೋದರಲ್ಲಿ ಸತ್ಯ ಇದೆ, ಒಪ್ಪಿದೆ. ಅಣ್ವಸ್ತ್ರ ಹರಡದಂತೆ ತಡೆಯುವ ಎನ್‌ಪಿಟಿ ಒಪ್ಪಂದದಲ್ಲಿ, 1967ಕ್ಕೆ ಮುಂಚೆ ಬಾಂಬ್ ಸಿಡಿಸಿದ ಐದು ದೇಶಗಳಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು. ಎನ್‌ಪಿಟಿಗೆ ಭಾರತ ಸಹಿ ಹಾಕದೇ ಇರೋದೂ ಅದಕ್ಕೇ. ಆದರೆ ಅಷ್ಟು ಹೇಳಿ ಮಗಳ ಅರ್ಜಿ ಪಕ್ಕಕ್ಕಿಟ್ಟರೆ ನನಗೆ ಬೇಜಾರು, ಸರ್.

ಆ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ನೋಡಿ. 2003ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಐಎಇಎಯ ತಪಾಸಕರು ಟೆಹರಾನ್‌ನ ಕಲಾಯೆ ಎಲೆಕ್ಟ್ರಿಕ್ ಅನ್ನೋ ವರ್ಕ್‌ಶಾಪಿಗೆ ಹೋದರು. ಅಷ್ಟರಲ್ಲಿ ಒಳಗೆಲ್ಲ ರಿಪೇರಿ ಮಾಡಿ ಕಟ್ಟಡದ ರೂಪವೇ ಬದಲಾಗಿತ್ತು. ಇವರ ಕೈಯಲ್ಲಿದ್ದದ್ದು ಅಂಗೈಯಗಲದ ಹತ್ತಿ ಬಟ್ಟೆ. ಅಲ್ಲಲ್ಲಿ ಒರೆಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಲ್ಯಾಬಿಗೆ ಕಳಿಸಿದರು, ಕಣ್ಣಿಗೆ ಕಾಣದ ಕಣಗಳಲ್ಲಿ ಸಂವರ್ಧಿತ ಯುರೇನಿಯಂ, ಅಂದರೆ ಇಂಧನಕ್ಕೋ ಬಾಂಬಿಗೋ ಆಗುವಂತೆ ಹದ ಮಾಡಿದ ಯುರೇನಿಯಂ, ಸಿಕ್ಕೇಬಿಟ್ಟಿತು! ಅದು ಹೊರಗಿಂದ ತರಿಸಿದ ಬಿಡಿಭಾಗಗಳಿಗೆ ಅಂಟಿಕೊಂಡು ಬಂದದ್ದು ಅಂದಿತು ಇರಾನ್. 2005ರ ಹೊತ್ತಿಗೆ ತಪಾಸಕರ ಪರೀಕ್ಷೆಯೂ ಬಹುಮಟ್ಟಿಗೆ ಅದನ್ನೇ ಹೇಳಿತು. ಅಂದರೆ ಸಿಕ್ಕಿಹಾಕಿಸಿದ ಬಟ್ಟೆಯೇ ಅರ್ಧ ಬಿಡಿಸಿತು ಕೂಡ.

ಇನ್ನು ನಿಮ್ಮ ದೊಡ್ಡಣ್ಣನ ವಿಷಯ. ಅದೇ 2003ರ ಮಾರ್ಚ್‌ನಲ್ಲಿ ಐಎಇಎ ಮುಖ್ಯಸ್ಥ ಎಲ್‌ಬರಾದೈ ಭದ್ರತಾ ಮಂಡಳಿಯಲ್ಲಿ ನಿಂತು, ಇರಾಕ್ ನೈಜರ್‌ನಿಂದ ಯುರೇನಿಯಂ ಕೊಳ್ಳಲು ಹೊರಟಿತ್ತು ಅನ್ನೋ ಕಾಗದಪತ್ರ ಅಸಲಿಯಲ್ಲ, ಅಣ್ವಸ್ತ್ರ ಯೋಜನೆ ಮತ್ತೆ ಶುರುವಾದ ಸಾಕ್ಷ್ಯ ಸಿಕ್ಕಿಲ್ಲ ಅಂದರು. ಅಮೆರಿಕ ಕೇಳಲಿಲ್ಲ, ಎರಡು ವಾರದೊಳಗೆ ಯುದ್ಧ. ಅಲ್ಲಿ ನಾಟಕ ಆಡಿದ್ದು ಯಾರು, ಲೆಕ್ಕ ಸರಿಯಾಗಿ ಒಪ್ಪಿಸಿದ್ದು ಯಾರು, ನೀವೇ ಹೇಳಿ.

ಮಗಳು ಹೇಳಿದ್ದು ಮೇರಿ ಸ್ಕ್ಲೊಡೋವ್ಸ್ಕಾ ಕ್ಯೂರಿ ಫೆಲೋಶಿಪ್ ಇರಬೇಕು. ಐಎಇಎ 2020ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರು ಮಾಡಿದ್ದು. ಫೀಸಿಗೆ ವರ್ಷಕ್ಕೆ 10,000 ಯೂರೋವರೆಗೆ, ಖರ್ಚಿಗೆ ಇನ್ನೊಂದು 10,000ದವರೆಗೆ, ಎರಡು ವರ್ಷದ ತನಕ. ಇಂಟರ್ನ್‌ಶಿಪ್‌ಗೂ ದಾರಿ ಇದೆ. ಅಮೆರಿಕದ ಅಣ್ವಸ್ತ್ರ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎನ್‌ಎಸ್‌ಎ ಫೆಲೋಶಿಪ್‌ನಲ್ಲಿ ಸಂಬಳ ಕೊಟ್ಟೇ ವರ್ಷ ಇಟ್ಟುಕೊಳ್ಳುತ್ತಾರೆ, ಆದರೆ ಅದು ಅಲ್ಲಿನ ಪ್ರಜೆಗಳಿಗಷ್ಟೇ. ನೌಕರಿ ಗ್ಯಾರಂಟಿ ಅಂತ ನಾನು ಹೇಳಲ್ಲ. ಇಂಜಿನಿಯರಿಂಗ್ ಸೀಟಿಗೆ ದುಡ್ಡು ಸುರಿಯುವಾಗ ಯಾರಾದರೂ ಗ್ಯಾರಂಟಿ ಕಾರ್ಡ್ ಕೇಳ್ತಾರಾ?

ನನ್ನ ಚಿಂತೆ ಬೇರೆ. ಅಳೆದದ್ದನ್ನು ಅಳೆದ ಹಾಗೇ ಬರೆಯೋದನ್ನು ನಾವು ಕಲಿಸುತ್ತೇವಾ? ನಾನು ಓದಿದ ಕಾಲೇಜಿನ ಫಿಸಿಕ್ಸ್ ಪ್ರಾಕ್ಟಿಕಲ್ಸ್‌ನಲ್ಲಿ ಎಲ್ಲರೂ ಸೀನಿಯರ್ ರೆಕಾರ್ಡ್ ಇಟ್ಟುಕೊಂಡು, ಉತ್ತರ ಮೊದಲು, ರೀಡಿಂಗ್ ಆಮೇಲೆ ಬರೆಯುತ್ತಿದ್ದೆವು. ಗುರುತ್ವಾಕರ್ಷಣೆಯ ‘ಜಿ’ ಬೆಲೆ 9.8 ಬರಲೇಬೇಕು. ಒಬ್ಬ ಮಾತ್ರ 9.4 ಬರೆದ, ಅವನಿಗೆ ಮಾರ್ಕ್ಸ್ ಕಟ್. ನಿಜವಾಗಿ ಪೆಂಡುಲಮ್ ಆಡಿಸಿದ್ದವನು ಅವನೊಬ್ಬನೇ! ಈಗಲೂ ಜಾಸ್ತಿ ಏನೂ ಬದಲಾಗಿಲ್ಲ, ರೆಕಾರ್ಡ್ ಬದಲು ವಾಟ್ಸಾಪ್ ಫೋಟೋ ಬಂದಿದೆ ಅಷ್ಟೇ. 1974ರ ಪೋಖ್ರಾನ್ ಪರೀಕ್ಷೆ ನಡೆಸಿದ ನಮ್ಮ ತುಮಕೂರಿನ ರಾಜಾ ರಾಮಣ್ಣನವರೇ ಮೊದಲ ನಿರ್ದೇಶಕರಾಗಿದ್ದ ಎನ್‌ಐಎಎಸ್ ಅನ್ನೋ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಇದೇ ವಿಷಯದ ಸಂಶೋಧನೆ ಅಲ್ಲಿ ನಡೆಯುತ್ತೆ. ಎಷ್ಟು ಕಾಲೇಜಿನ ಮೇಷ್ಟ್ರು ಮಕ್ಕಳಿಗೆ ಇದನ್ನು ಹೇಳಿದ್ದಾರೆ?

ಅರ್ಜಿ ಹಾಕಿಸಿ, ಸರ್. ಶಿಫಾರಸು ಪತ್ರ ಬೇಕಾಗುತ್ತೆ. ಮೇಷ್ಟ್ರು ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಅಂದರೆ, ಮಗಳು ಬೇರೆ ಮೇಷ್ಟ್ರನ್ನು ಹುಡುಕಲಿ.