ಮೇ ಆರಂಭಕ್ಕೇ ಮಾವಿನಲ್ಲಿ ಊಜಿ ಹುಳು: ಕಾರಣ ಬಿಸಿಲೋ, ಮಳೆಯೋ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಮಾವು. ಬಾದಾಮಿ, ಮಲ್ಲಿಕಾ ಇವೆ. ಮೊದಲೆಲ್ಲ ಜೂನ್ ಮಳೆ ಬಿದ್ದ ಮೇಲೆ ಹಣ್ಣಿನಲ್ಲಿ ಹುಳು ಕಾಣುತ್ತಿತ್ತು, ಈಗ ಮೇ ಆರಂಭಕ್ಕೇ ಬರುತ್ತಿದೆ. ಇದಕ್ಕೆ ಹವಾಮಾನ ಬದಲಾವಣೆ ಕಾರಣವೇ? ಬಲೆ ಕಟ್ಟಿದರೂ ನಿಲ್ಲುತ್ತಿಲ್ಲ. ಏನು ಮಾಡಬೇಕು?

ಉತ್ತರ: ಒಂದೆರಡು ವರ್ಷದ ಹಾವಳಿ ನೋಡಿ ಹಾಗೆಂದು ತೀರ್ಮಾನಿಸಲಾಗದು. ಆದರೆ ಹವೆ ಬದಲಾದರೆ ಈ ಕೀಟ ವರ್ತಿಸುವುದು ಹೀಗೆಯೇ. ನೀವು ನೋಡುತ್ತಿರುವ ಊಜಿ ಹುಳು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂಬ ಹಣ್ಣು ನೊಣದ ಮರಿ. ಅದಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. 10ರಿಂದ 13 ಡಿಗ್ರಿಗೆ ಇಳಿದರೆ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ಏಷ್ಯಾ ಮೂಲದ ಈ ನೊಣ 2003ರಲ್ಲಿ ಕೀನ್ಯಾದಲ್ಲಿ, 2018ರಲ್ಲಿ ಇಟಲಿಯಲ್ಲಿ ಪತ್ತೆಯಾಯಿತು. ಹುಳು ಬಿದ್ದ ಹಣ್ಣಿನ ಜೊತೆ ಅದು ಗಡಿ ದಾಟಬಹುದು. ಚಳಿ ದೇಶಗಳಲ್ಲಿ ಅದು ನೆಲೆಯೂರದಂತೆ ತಡೆಯುತ್ತಿದ್ದುದು ಚಳಿಗಾಲ. ಆ ತಡೆ ಈಗ ಸಡಿಲವಾಗುತ್ತಿದೆ.

ಕೋಲಾರದ ಲೆಕ್ಕ ಬೇರೆ. ಇಲ್ಲಿ ಬಿಸಿಲೇರಿದಷ್ಟೂ ನೊಣ ಹೆಚ್ಚುತ್ತದೆ ಎನ್ನುವುದು ತಪ್ಪು. 35 ಡಿಗ್ರಿ ದಾಟಿದ ಒಣ ಹವೆ ಅದಕ್ಕೂ ಕಷ್ಟ. ನೀವು ನೋಡಬೇಕಾದ್ದು ಮುಂಗಾರಿಗೆ ಮುಂಚಿನ ಮಳೆಯನ್ನು. ಬಲಿತ ಹುಳು ಹಣ್ಣಿನಿಂದ ಹೊರಬಿದ್ದು, ಮರದ ಬುಡದಲ್ಲಿ ಒಂದೆರಡು ಇಂಚು ಆಳಕ್ಕಿಳಿದು ಕೋಶವಾಗುತ್ತದೆ. ಮಣ್ಣು ಕಾದು ಒಣಗಿದ್ದರೆ ಬಹಳಷ್ಟು ಅಲ್ಲೇ ಸಾಯುತ್ತವೆ. ಏಪ್ರಿಲ್‌ನಲ್ಲೇ ಹದ ಮಳೆ ಬಿದ್ದರೆ ಬದುಕಿಕೊಂಡು, ಹತ್ತು ದಿನದ ಆಸುಪಾಸಿನಲ್ಲಿ ನೊಣವಾಗಿ ಏಳುತ್ತವೆ. ಮೊಟ್ಟೆಯಿಂದ ನೊಣದವರೆಗೆ ಮೂರು-ನಾಲ್ಕು ವಾರ ಸಾಕು. ಹೂವು ಎರಡು ಮೂರು ಕಂತಿನಲ್ಲಿ ಬಂದ ವರ್ಷವಂತೂ ಮೊದಲ ಕಂತಿನ ಕಾಯಿಯಲ್ಲಿ ಬೆಳೆದ ಪೀಳಿಗೆಗೆ ಎರಡನೇ ಕಂತಿನ ಕಾಯಿ ಸಿದ್ಧವಾಗಿರುತ್ತದೆ.

ಆದ್ದರಿಂದ ತಾರೀಕು ನೋಡಿ ಬಲೆ ಕಟ್ಟಬೇಡಿ, ಕಾಯಿ ನೋಡಿ ಕಟ್ಟಿ. ಕೊಯ್ಲಿಗೆ 45ರಿಂದ 60 ದಿನ ಮೊದಲೇ ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯೂಜಿನಾಲ್ ಇರುವ ಮೋಹಕ ಬಲೆಗಳನ್ನು ಎಕರೆಗೆ 6ರಂತೆ ಆಳೆತ್ತರದ, ನೆರಳಿರುವ ಕೊಂಬೆಗೆ ತೂಗುಹಾಕಿ. ವಾರಕ್ಕೊಮ್ಮೆ ಬಿದ್ದ ನೊಣ ಎಣಿಸಿ ಬರೆದಿಡಿ. ಈ ಬಲೆಗೆ ಬೀಳುವುದು ಗಂಡು ಮಾತ್ರ. ತಡವಾಗಿ ಕಟ್ಟಿದರೆ ಆಗಲೇ ಗಂಡಿನೊಡನೆ ಕೂಡಿದ ಹೆಣ್ಣು ಕಾಯಿ ಚುಚ್ಚಿ ಮೊಟ್ಟೆಯಿಡುತ್ತಲೇ ಇರುತ್ತದೆ. ನಿಮ್ಮ ಬಲೆ ಸೋತದ್ದು ಬಹುಶಃ ಇಲ್ಲೇ. ಅಕ್ಕಪಕ್ಕದ ತೋಟದವರೂ ಜೊತೆಗೇ ಕಟ್ಟಬೇಕು. ಎರಡೆಕರೆಗೆ ಮಾತ್ರ ಕಟ್ಟಿದರೆ ಹೊರಗಿನಿಂದ ಹೆಣ್ಣು ಹಾರಿ ಬರುತ್ತದೆ.

ಬಲೆಗಿಂತಲೂ ಮುಖ್ಯವಾದದ್ದು ಉದುರಿದ ಹಣ್ಣು ಆಯುವುದು. ದಿನ ಬಿಟ್ಟು ದಿನ ಆಯ್ದು ಎರಡಡಿ ಆಳದ ಗುಂಡಿಯಲ್ಲಿ ಮುಚ್ಚಿ, ಇಲ್ಲವೇ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಾರವಿಡೀ ಬಿಸಿಲಿಗಿಡಿ. ತಿಪ್ಪೆಗೆ ಎಸೆಯುವುದು ಬಹಳ ಕಡೆ ಆಗುವ ತಪ್ಪು: ತಿಪ್ಪೆಯ ತೇವದಲ್ಲೇ ಹುಳು ಕೋಶವಾಗುತ್ತದೆ. ಬುಡದ ಮಣ್ಣನ್ನು ತೆಳುವಾಗಿ ಕೆದಕಿದರೆ ಕೋಶ ಬಿಸಿಲಿಗೆ, ಇರುವೆಗೆ, ಹಕ್ಕಿಗೆ ಸಿಗುತ್ತದೆ.

ಕಾಯಿ ಬಲಿತ ಕೂಡಲೇ ಕೊಯ್ಯಿರಿ. ಮಲ್ಲಿಕಾ ತಡವಾಗಿ ಬರುವುದರಿಂದ ಅದಕ್ಕೆ ಅಪಾಯ ಹೆಚ್ಚು. ಕೊಯ್ದ 24 ಗಂಟೆಯೊಳಗೆ 48 ಡಿಗ್ರಿ ನೀರಿನಲ್ಲಿ 60 ನಿಮಿಷ ಪೂರ್ತಿ ಮುಳುಗಿಸಿಟ್ಟರೆ ಒಳಗಿನ ಮೊಟ್ಟೆ, ಎಳೆ ಹುಳು ಸಾಯುತ್ತವೆ. ಥರ್ಮಾಮೀಟರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಶಾಖ ಮೀರಿದರೆ ಸಿಪ್ಪೆ ಬೆಂದು ಕಂದಾಗುತ್ತದೆ, ಇಳಿದರೆ ಹುಳು ಉಳಿಯುತ್ತದೆ.