ಲೇಸ್ ಇಲ್ಲದ ಶೂ: ಹಾಕಿದ್ದು ಮೊದಲು, ದುಡ್ಡು ಆಮೇಲೆ

ಅಮೆರಿಕದ ರ‍್ಯಾಪ್ ತಂಡ ರನ್-ಡಿಎಂಸಿಯವರು ಲೇಸ್ ಇಲ್ಲದೆ ಅಡಿಡಾಸ್ ಶೂ ಹಾಕುತ್ತಿದ್ದುದು ಕಂಪನಿ ದುಡ್ಡು ಕೊಟ್ಟಿದ್ದಕ್ಕಾ ಅಂತ ಕೇಳಿದ್ದೀರಿ. ಅಲ್ಲ, ಕಥೆ ಉಲ್ಟಾ ಇದೆ.

ಅವರಿಗಿಂತ ಮುಂಚೆ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಅವರ ರ‍್ಯಾಪ್ ತಂಡದಂಥವರು ಚರ್ಮದ ಬಟ್ಟೆ, ಮೊಳೆ ಬಡಿದ ಬೆಲ್ಟು ಅಂತ ರಾಕ್ ತಾರೆಯರ ಹಾಗೆ ವೇದಿಕೆ ಹತ್ತುತ್ತಿದ್ದರು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಹಾಲಿಸ್‌ನ ರನ್-ಡಿಎಂಸಿಯ ಮೂವರು ಬೀದಿಯಲ್ಲಿ ಹಾಕುವುದನ್ನೇ ವೇದಿಕೆಗೂ ಹಾಕಿಕೊಂಡು ಬಂದರು. ಕರಿ ಟೋಪಿ, ದಪ್ಪ ಚಿನ್ನದ ಸರ, ಅಡಿಡಾಸ್‌ನ ‘ಸೂಪರ್‌ಸ್ಟಾರ್’ ಅನ್ನುವ ಬಿಳಿ ಶೂ. ಈ ಗೆಟಪ್ಪು ಹೆಚ್ಚಾಗಿ ಅವರ ಡಿಜೆ ಜಾಮ್ ಮಾಸ್ಟರ್ ಜೇ ಅವರದ್ದು. ಲೇಸ್ ತೆಗೆಯುವುದು ಜೈಲಿನಿಂದ ಬಂದದ್ದು ಅನ್ನುವ ಮಾತಿದೆ. ಅಲ್ಲಿ ಕೈದಿಗಳ ಲೇಸ್ ಕಿತ್ತಿಟ್ಟುಕೊಳ್ಳುತ್ತಿದ್ದರು. ಹಾಗಾಗಿ ಅಂಥ ಶೂ ಕಂಡರೆ ಪುಂಡ ಅಂತ ಮೂಗು ಮುರಿಯುವವರೂ ಇದ್ದರು. ಅದಕ್ಕೆ ಉತ್ತರವಾಗಿಯೇ 1986ರಲ್ಲಿ ಅವರ ‘ಮೈ ಅಡಿಡಾಸ್’ ಹಾಡು ಬಂತು.

ಅದೇ ವರ್ಷ ನ್ಯೂಯಾರ್ಕಿನ ದೊಡ್ಡ ಸಭಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡುವಾಗ ಇವರು ಜನರಿಗೆ ‘ಶೂ ಎತ್ತಿ ಹಿಡಿಯಿರಿ’ ಅಂದಾಗ ಸಾವಿರಾರು ಕೈ ಮೇಲೆದ್ದವು. ಅಡಿಡಾಸ್ ಕಂಪನಿಯ ಅಧಿಕಾರಿಯನ್ನು ಮೊದಲೇ ಕರೆಸಿದ್ದರು, ಜಾಣರು ಅಲ್ವಾ! ಒಪ್ಪಂದ ಆಗಿದ್ದು ಆಮೇಲೆ.

ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ ಬಿಡಿ. ನ್ಯೂಯಾರ್ಕಿನ ಹಾರ್ಲೆಮ್‌ನ ದರ್ಜಿ ಡ್ಯಾಪರ್ ಡ್ಯಾನ್ ತಾವೇ ಗುಚ್ಚಿ, ಲೂಯಿ ವಿಟಾನ್‌ನಂಥ ದುಬಾರಿ ಫ್ಯಾಷನ್ ಕಂಪನಿಗಳ ಗುರುತು ಅಚ್ಚು ಹಾಕಿ ರ‍್ಯಾಪರ್‌ಗಳಿಗೆ ಜಾಕೆಟ್ ಹೊಲಿಯುತ್ತಿದ್ದರು. ಕಂಪನಿಗಳ ಕಾನೂನು ಕಾಟಕ್ಕೆ 1992ರಲ್ಲಿ ಅಂಗಡಿ ಮುಚ್ಚಿತು. 2017ರಲ್ಲಿ ಗುಚ್ಚಿಯೇ ಅವರ ಹಳೇ ಜಾಕೆಟ್‌ನಂಥದ್ದನ್ನು ತಂದು, ಚೆನ್ನಾಗಿ ಬೈಸಿಕೊಂಡು, ಕೊನೆಗೆ ಅವರ ಜೊತೆಗೇ ಕೈಜೋಡಿಸಿತು.