ಹಳೇ ಮದುವೆ ಡಿವಿಡಿಯಿಂದ ವಿಡಿಯೊ ತೆಗೆದು ಎಡಿಟ್ ಮಾಡೋದು ಹೇಗೆ?

ಅಕ್ಕನ ಮದುವೆ ಡಿವಿಡಿಯಿಂದ ಹತ್ತು ನಿಮಿಷದ ತುಣುಕು ಮಾಡಬೇಕು, ಹೇಗೆ ಅಂತ ಕೇಳಿದ್ದೀರಿ.

ಡಿಸ್ಕ್ ತೆರೆದರೆ 'ವಿಡಿಯೊ ಟಿಎಸ್' ಎಂಬ ಫೋಲ್ಡರ್ ಕಾಣುತ್ತದೆ. ಒಳಗಿರುವ ವಿಒಬಿ ಫೈಲುಗಳೇ ನಿಮ್ಮ ವಿಡಿಯೊ. ಒಂದೊಂದೂ ಹೆಚ್ಚೆಂದರೆ 1 ಜಿಬಿ. ಹಾಗಾಗಿ ತಾಳಿ ಕಟ್ಟುವ ಹೊತ್ತಿಗೇ ಒಂದು ಫೈಲು ಮುಗಿದು ಇನ್ನೊಂದು ಶುರುವಾಗಿರಬಹುದು! ಅವನ್ನು ಸುಮ್ನೆ ಕಾಪಿ ಮಾಡಿ ಜೋಡಿಸಲು ಹೋದರೆ ಕೆಲವೊಮ್ಮೆ ಧ್ವನಿ ಹಿಂದೆ ಮುಂದೆ ಆಗುತ್ತದೆ. ಅದರ ಬದಲು ಡಿಸ್ಕ್‌ನಿಂದ ವಿಡಿಯೊ ತೆಗೆಯುವ ಮೇಕ್‌ಎಂಕೆವಿ ಎಂಬ ಸಾಫ್ಟ್‌ವೇರ್ ಬಳಸಿ. ಪೂರ್ತಿ ವಿಡಿಯೊ ಒಂದೇ ಫೈಲಾಗಿ ಬರುತ್ತದೆ, ಗುಣಮಟ್ಟ ಒಂಚೂರೂ ಕಡಿಮೆಯಾಗದು.

ಎಡಿಟಿಂಗ್ ಸಾಫ್ಟ್‌ವೇರ್ ಆ ಫೈಲನ್ನು ತೆಗೆದುಕೊಳ್ಳದಿದ್ದರೆ ಮಾತ್ರ, ವಿಡಿಯೊ ಫೈಲಿನ ಮಾದರಿ ಬದಲಿಸುವ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿ. ಯಾರಾದರೂ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ, ಅದನ್ನು ಹೋಗಲಾಡಿಸುವ ಡಿಇಂಟರ್‌ಲೇಸ್ ಆಯ್ಕೆಯನ್ನು ಅದರಲ್ಲೇ ಆನ್ ಮಾಡಿ. ನಮ್ಮ ಕಡೆಯ ಡಿವಿಡಿಗಳು ಸಾಮಾನ್ಯವಾಗಿ ಪಾಲ್ ಎಂಬ ಟಿವಿ ಮಾದರಿಯವು, ಅಂದರೆ 720×576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಎಡಿಟಿಂಗ್ ಪ್ರಾಜೆಕ್ಟ್ ಕೂಡ 25 ಫ್ರೇಮಿನಲ್ಲೇ ಇರಲಿ. ಎಚ್‌ಡಿಗೆ ಹಿಗ್ಗಿಸಬೇಡಿ, ಜಾಸ್ತಿ ಸ್ಪಷ್ಟವೇನೂ ಆಗಲ್ಲ. ಎಡಿಟಿಂಗ್‌ಗೆ ಕೆಡೆನ್‌ಲೈವ್ ಎಂಬ ಸಾಫ್ಟ್‌ವೇರ್ ಉಚಿತ, ಹಳೇ ಕಂಪ್ಯೂಟರಿಗೂ ಸಾಕು.

ಗೀರು ಬಿದ್ದ ಡಿಸ್ಕ್ ಆದರೆ ಮೊದಲು ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಸುತ್ತುಸುತ್ತಾಗಿ ಬೇಡ.